ತೂಕದ ಮನೆಯ ಹತ್ತು ಗಂಟೆ

ಕಬ್ಬು ತೂಗುವ ಕಂಪ್ಯೂಟರ್ ದಿನವೂ ನಿಲ್ಲುತ್ತಿದ್ದುದು ನಯಾಜನ ಕೇಬಲ್ಲಿನಿಂದಲ್ಲ, ನನ್ನಿಂದ. ಆರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಮದ್ದೂರು ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗವೆಂದರೆ ನಾನು, ಒಂದು ಬೀರು, ಮತ್ತು ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಗುತ್ತಿಗೆ ನೌಕರ ನಯಾಜ್. ಆ ವರ್ಷದ ಕಬ್ಬಿನ ಹಂಗಾಮಿನಲ್ಲಿ ತೂಕದ ಮನೆಯ ಕಂಪ್ಯೂಟರ್ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸ್ತಬ್ಧವಾಗುತ್ತಿತ್ತು. ನಾನು ಶಾಸ್ತ್ರೋಕ್ತವಾಗಿ ಅದನ್ನು ಆರಿಸಿ, ಮತ್ತೆ ಹಾಕುತ್ತಿದ್ದೆ. ಅರ್ಧ ಗಂಟೆಗೆ ಅದು ತಾನಾಗಿಯೇ ಏಳುತ್ತಿತ್ತು. ದೂರಿನ ಪುಸ್ತಕದಲ್ಲಿ ‘ಪರಿಹರಿಸಲಾಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಮರುದಿನ ಅದೇ ದೂರು, ಅದೇ ಪರಿಹಾರ, ಅದೇ ಗಂಭೀರ ಸಹಿ. ಗಾಡಿಗಳ ಸಾಲು ಗೇಟು ದಾಟಿ ರಸ್ತೆಗೆ ಬಂತು. ಕೊತ್ತತ್ತಿಯ ರೈತರೊಬ್ಬರು ಟ್ರ್ಯಾಕ್ಟರಿನ ಮೇಲಿಂದಲೇ ಕೇಳಿದರು: “ಏನ್ ಸಾಮಿ, ನಿಮ್ ಕಂಪ್ಯೂಟ್ರೂ ಅತ್ ಗಂಟೆಗೆ ಕಾಪಿಗೆ ಓಯ್ತದಾ?”

ಆಗ ನಯಾಜ್ ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾಕಟ್ಟೆಯನ್ನು ಹುಡುಕಿದ. ನಮ್ಮಂತೆಯೇ ಕಂಪ್ಯೂಟರ್ ಸೇವೆಯ ದೂರು ನೋಡಿಕೊಳ್ಳುವ ದೇಶದೇಶಗಳ ಜನ ಅಲ್ಲಿ ಕಷ್ಟ ಬರೆದುಕೊಳ್ಳುತ್ತಾರೆ, ಇತರರು ಉತ್ತರಿಸುತ್ತಾರೆ. ಜಗಲಿ ಹರಟೆ ಎಂದು ನಾನು ಹಳಿದೆ. ಅವನು ಬರೆದೇಬಿಟ್ಟ. ಬಂದ ಉತ್ತರಗಳು ಯಂತ್ರದ ಬಗ್ಗೆ ಕೇಳಲೇ ಇಲ್ಲ. ನೀವು ಮುಗಿಸುತ್ತಿರುವುದು ದೂರನ್ನೋ, ಅದರ ಕಾರಣವನ್ನೋ? ಈಚೆಗೆ ಬದಲಾದದ್ದೇನು, ಅದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ?

ನಯಾಜ್ ನನ್ನನ್ನೇ ಕೇಳಿದ: “ಸಾರ್, ಹಂಗಾಮು ಶುರುವಾಗೋ ಮುಂಚೆ ಏನಾರ ಬದ್ಲಾಯ್ಸಿದ್ರಾ?”

“ಏನೂ ಇಲ್ಲ ಕಣಯ್ಯ.”

ಊಟದ ಹೊತ್ತಿನಲ್ಲಿ ಗುಟ್ಟಾಗಿ ಆ ಕಟ್ಟೆಗೆ ನಾನೇ ಹೋದೆ. ಯಾರೋ ಬರೆದಿದ್ದರು — ಕಡತಗಳ ನಕಲು ತೆಗೆಯುವ ಹೊತ್ತನ್ನು ಯಾರಾದರೊಬ್ಬರು ಕೆಲಸದ ವೇಳೆಗೆ ತಂದಿರುತ್ತಾರೆ, ನಕಲು ಮುಗಿಯುವವರೆಗೆ ಯಂತ್ರ ಬೇರೇನೂ ಮಾಡದು, ಹೇಳಲು ಅವರು ಸಂಕೋಚಪಡುತ್ತಿರುತ್ತಾರೆ. ರಾತ್ರಿ ಕರೆಂಟು ಹೋಗುತ್ತದೆಂದು ಆ ಕೆಲಸವನ್ನು ಬೆಳಿಗ್ಗೆ ಹತ್ತಕ್ಕೆ ತಂದವನು ನಾನು — ಎಲ್ಲಿಯೂ ಬರೆಯದೆ. ಮದ್ದೂರೆಂಬ ಊರು ಇದೆಯೆಂದೇ ತಿಳಿಯದ ಮನುಷ್ಯ, ಸಮುದ್ರದಾಚೆ ಕೂತು, ನನ್ನ ಎದೆಯೊಳಗನ್ನು ಓದಿದ್ದ.

ಮುಂದೆ ಓದುತ್ತ ಹೋದೆ. ಒಬ್ಬಾಕೆ, ತನ್ನ ತಪ್ಪಿನಿಂದ ಒಂದು ಆಸ್ಪತ್ರೆಯ ಫೋನುಗಳೆಲ್ಲ ನಿಂತದ್ದನ್ನು ಹೆಸರು ಹಾಕಿಯೇ ಬರೆದಿದ್ದಳು. ಇನ್ನೊಬ್ಬರು ಹಾಗೆ ಮಾಡದಿರಲಿ ಎಂದಷ್ಟೇ. ಗುರುತಿಲ್ಲದವರಿಗೆ ಇಷ್ಟು ಧಾರಾಳವಾಗಿ ನಿಜ ಹೇಳುವ ಜನರೂ ಲೋಕದಲ್ಲಿದ್ದಾರೆ! ಬೆರಗಿನಿಂದ ಓದಿದೆ. ಓದಿ ಎದ್ದು, ಸದ್ದಿಲ್ಲದೆ ನಕಲಿನ ಹೊತ್ತನ್ನು ಹಿಂದಿನಂತೆ ರಾತ್ರಿಗೆ ಹಾಕಿದೆ — ಬೆರಗು ನನ್ನನ್ನು ಅಷ್ಟೇ ದೂರ ಒಯ್ದದ್ದು.

ತಪ್ಪು ಯಾರದೆಂದು ಮ್ಯಾನೇಜರು ಕೇಳಿದಾಗ ನನ್ನ ಬಾಯಿ ಹೇಳಿತು: “ನಯಾಜ್ ಎಳೆದಿದ್ದ ಕೇಬಲ್ಲು ಸಾರ್. ಸರಿಮಾಡಿದೆ.”

ಅವನ ಗುತ್ತಿಗೆ ಮುಂದುವರಿಯಲಿಲ್ಲ. ಬೀರುವಿನ ಕೀಲಿ ಒಪ್ಪಿಸುವಾಗ ಅವನು ಜಗಳಾಡಲಿಲ್ಲ. “ಯಾವ ಕೇಬಲ್ಲು ಸಾರ್? ತಿಳ್ಕೊಂಡ್ರೆ ಇನ್ನೊಂದ್ ಕಡೆ ಅಂಗ್ ಮಾಡಾಕಿಲ್ಲ” ಎಂದ. ನಾನು ಬೀರುವಿನಲ್ಲಿ ಏನನ್ನೋ ಹುಡುಕುವವನಂತೆ ಅವನಿಗೆ ಬೆನ್ನು ಹಾಕಿದೆ.

ಕಟ್ಟೆಯಲ್ಲಿ ಅವನ ಕೊನೆಯ ಸಾಲು ಹಾಗೆಯೇ ಇದೆ: ತೊಂದರೆ ನಿಂತಿದೆ, ನನ್ನ ಕೇಬಲ್ಲಂತೆ, ನಿಮ್ಮ ಸಮಯ ಹಾಳುಮಾಡಿದೆ, ಕ್ಷಮಿಸಿ. ಅದರ ಕೆಳಗೆ ಈಗಲೂ ಆಗೊಬ್ಬರು ಈಗೊಬ್ಬರು ಕೇಳುತ್ತಾರೆ — ಕಾರಣ ಸಿಕ್ಕಿತೇ?

ನಿನ್ನೆ ರಾತ್ರಿಯೂ ಒಬ್ಬರು ಕೇಳಿದ್ದರು; ಈ ದಿನ ಬೆಳಿಗ್ಗೆ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಕಟ್ಟೆಯಲ್ಲಿ ನಯಾಜನ ಸಾಲಿನ ಕೆಳಗೆ, ನನ್ನ ಹೆಸರಿನಲ್ಲೇ, ಕಾರಣ ಬರೆದೆ. ಭಾನುವಾರ ಮಳವಳ್ಳಿಗೆ ಹೋಗುತ್ತೇನೆ; ಅವನು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ಕ್ಷಮಿಸು ಎನ್ನುವ ಮೊದಲು, ಯಾವ ಕೇಬಲ್ಲು ಎಂದು ಅವನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕೊಟ್ಟಮೇಲೆ, ಅವನು ಹೋಗೆನ್ನುವವರೆಗೆ ಅಲ್ಲೇ ನಿಂತಿರುತ್ತೇನೆ.