ಸಿಗಡಿ ಸತ್ತ ಮೇಲೆ ಬರೆದ ವರದಿ

ಮೀನಿನ ತೊಟ್ಟಿಯಲ್ಲಿ ಅಮೋನಿಯಾ ಏರಬಹುದಿತ್ತು. ನೈಟ್ರೈಟ್ ಏರಬಹುದಿತ್ತು. ಗಂಗಾವತಿಯ ಬೇಸಿಗೆಯಲ್ಲಿ ಕರೆಂಟು ಹೋಗಿ, ಪಂಪು ನಿಂತು, ಮೀನಿಗೆ ಉಸಿರುಗಟ್ಟಬಹುದಿತ್ತು. ಆರ್‌ಒ ಯಂತ್ರ ಕೈಕೊಟ್ಟು ಬೋರಿನ ಫ್ಲೋರೈಡ್ ಒಳನುಗ್ಗಬಹುದಿತ್ತು. ಇಂಜೆಕ್ಷನ್ ಮಾಡಿಸಿಕೊಂಡ ಸಿಟ್ಟಿಗೆ ಯಾವುದೋ ಮಗು ಬಿಸ್ಕತ್ತು ಎಸೆಯಬಹುದಿತ್ತು. ಅಮಾವಾಸ್ಯೆ ಪೂಜೆಯ ಕುಂಕುಮ ಬೀಳಬಹುದಿತ್ತು. ಹಲ್ಲಿ ಬೀಳಬಹುದಿತ್ತು. ಇಷ್ಟನ್ನೂ ಹಾಳೆಯಲ್ಲಿ ಬರೆದು, ಒಂದೊಂದರ ಎದುರಿಗೂ ಪರಿಹಾರ ಬರೆದಿಟ್ಟಿದ್ದೆ. ನನ್ನ ಗಂಡ ಓದಿ ನೋಡಿ, "ಭೂಕಂಪ ಬಿಟ್ಟೀಯಲ್ಲ" ಎಂದರು. ಅದನ್ನೂ ಸೇರಿಸಿದೆ.

ಇದು ಕಳೆದ ವರ್ಷದ ಬೇಸಿಗೆಯ ಮಾತು. ಕೊಪ್ಪಳದ ಖಾಸಗಿ ನೀರು ಪರೀಕ್ಷಾ ಲ್ಯಾಬೊಂದರಲ್ಲಿ ನಾನು ಹಿರಿಯ ಕೆಮಿಸ್ಟ್. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಹೇಳುವುದು ಇಪ್ಪತ್ತೆರಡು ವರ್ಷಗಳ ನನ್ನ ಕಸುಬು. ಸಮುದ್ರ ನೋಡಿದ್ದು ಎರಡೇ ಸಲ. ಎರಡೂ ಸಲ ದಡದಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕುಳಿತಿದ್ದೆ. ಇಂಥವಳನ್ನು ಗಂಗಾವತಿಯ ಒಂದು ಮಕ್ಕಳ ಆಸ್ಪತ್ರೆಯ ಡಾಕ್ಟರು ಕರೆಸಿದರು. ರೋಗಿಗಳು ಕಾಯುವ ಹಾಲ್‌ನಲ್ಲಿ ಅರವತ್ತು ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಕೂಡಿಸಿದ್ದರು. ನೀರಿನ ಹೊಣೆ ನನ್ನದಾಯಿತು.

ಮೊದಲ ಜಗಳ ಮ್ಯಾನೇಜರ್ ವಿರೂಪಾಕ್ಷಪ್ಪನವರ ಜೊತೆ. ಅವರಿಗೆ ಆ ದಿನವೇ ಮೀನು ಬೇಕಿತ್ತು.

"ನೀರೈತಿ, ಉಪ್ಪೈತಿ. ಮೀನು ಬಿಡಾಕ ಏನ್ ಮುಹೂರ್ತ ನೋಡಾಕತ್ತೀರಿ ಮೇಡಂ?"

ಮೀನಿನ ಹೇಲುಚ್ಚೆ ಅಮೋನಿಯಾ ಆಗುತ್ತದೆ, ಅದು ಮೀನಿಗೇ ವಿಷ. ಅದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲುಗಳ ಮೇಲೆ ಬೆಳೆಯಬೇಕು. ಐದು ವಾರ ಬೇಕು ಎಂದೆ. ಐದು ವಾರವೂ ಅವರು ಬಂದವರಿಗೆಲ್ಲ, "ನೋಡ್ರಿ, ನಮ್ಮ ಮೇಡಂ ಕಲ್ಲಿಗೆ ಲೈಟ್ ಹಾಕಿ ಕುಂದರಿಸ್ಯಾರ" ಎಂದು ತೋರಿಸಿದರು.

ದಿನದ ಆರೈಕೆಗೆ ಆಯಾ ಯಮನವ್ವನನ್ನು ಹಚ್ಚಿದರು. ಸಿದ್ದಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವ, ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುವ ಹೆಂಗಸು. ಅವಳಿಗೆ ಒಂದು ಕೆಲಸ ಚೆನ್ನಾಗಿ ತಿಳಿಸಿ ಹೇಳಿದೆ: ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಆರ್‌ಒ ನೀರನ್ನು ಗಾಜಿಗೆ ಅಂಟಿಸಿದ ಪಟ್ಟಿಯವರೆಗೆ ದಿನಾ ತುಂಬಬೇಕು. ಸೋಪು ತಾಗಿದ ಪಾತ್ರೆ ಮಾತ್ರ ಮುಟ್ಟಕೂಡದು. ಇದನ್ನು ನಾಲ್ಕು ಸಲ ಹೇಳಿದೆ. ಐದನೇ ಸಲ ಅವಳೇ, "ತಿಳೀತ್ರಿ ಯವ್ವಾ, ನಾ ಕೂಸು ಅಲ್ರಿ" ಎಂದಳು.

ಆರನೇ ವಾರ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು, ಒಂದು ಕೆಂಪು ಪಟ್ಟೆಯ ಸಿಗಡಿ, ಮೂರು ಬಸವನಹುಳು ಬಿಟ್ಟೆವು. ಮಕ್ಕಳು ಅಳುವುದನ್ನು ಮರೆತರು. ಹನ್ನೆರಡನೇ ದಿನ ವಿರೂಪಾಕ್ಷಪ್ಪನವರ ಫೋನ್ ಬಂತು. ಸಿಗಡಿ ಸತ್ತಿದೆ, ಹುಳುಗಳೂ ಸತ್ತಿವೆ.

"ಆ ಯಮನವ್ವ ಫಿನಾಯಿಲ್ ಕೈ ಹಾಕ್ಯಾಳ್ರಿ. ನೀವು ಬಂದು ಅಷ್ಟು ಬರದು ಕೊಡ್ರಿ, ನಾಳಿಂದ ಆಕೀನ ಬಿಡಸ್ತೀವಿ."

ಬಸ್ಸಿನಲ್ಲಿ ಹೋಗುವಾಗ ನನ್ನ ಸಿಟ್ಟು ಯಾರ ಮೇಲೆಂದು ನನಗೇ ಗೊತ್ತಿರಲಿಲ್ಲ. ಎದುರಿಗೆ ಯಮನವ್ವ ಸಿಕ್ಕಳು, ಅವಳ ಮೇಲಾಯಿತು. ಕೂಸುಗಳನ್ನು ಎತ್ತಿಕೊಂಡು ನಿಂತಿದ್ದ ತಾಯಂದಿರ ಮುಂದೆಯೇ ಕೂಗಾಡಿದೆ.

"ಏನ್ ಹಾಕಿದಿ ಹೇಳು!"

"ನಿಮ್ಮ ನೀರು ಬಿಟ್ರ ಏನೂ ಹಾಕಿಲ್ರಿ ಮೇಡಮ್ಮಾರ. ನನ್ನ ಕೂಸುಗಳ ಆಣಿ."

ಪರೀಕ್ಷೆ ಮಾಡಿದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಪಿಎಚ್ 8.2. ಉಪ್ಪುನೀರಿನ ಸಾಂದ್ರತೆ 1.025, ಕೂದಲೆಳೆಯಷ್ಟೂ ಅಲುಗಿಲ್ಲ. ಅಂದರೆ ಅವಳು ಒಂದು ದಿನವೂ ತಪ್ಪದೆ, ಪಟ್ಟಿಯವರೆಗೆ, ಸರಿಯಾಗಿ ನೀರು ತುಂಬಿದ್ದಾಳೆ. ಫಿನಾಯಿಲ್ ಬಿದ್ದಿದ್ದರೆ ಮೀನು ಉಳಿಯುತ್ತಿದ್ದವೇ? ಅವು ಆರಾಮಾಗಿ ಈಜುತ್ತಿದ್ದವು. ನನ್ನ ಹಾಳೆಯ ಅಷ್ಟೂ ಸಾಲು ಹೊಡೆದು ಹಾಕಿದೆ. ಭೂಕಂಪವೊಂದೇ ಉಳಿಯಿತು.

"ಬರೀರಿ ಮೇಡಂ, ನನಗ ಬ್ಯಾರೆ ಕೆಲಸ ಅದಾವ" ಎಂದರು ವಿರೂಪಾಕ್ಷಪ್ಪ.

"ಸುಮ್ಮನಿರ್ರಿ. ಯಮನವ್ವ, ನೀರು ಹೆಂಗ ಹಾಕ್ತಿ, ಮಾಡಿ ತೋರಸು."

ಅವಳು ಒಳಗೆ ಹೋಗಿ, ಎರಡೂ ಕೈಯಲ್ಲಿ ಒಂದು ಸಣ್ಣ ಕೊಡ ಹಿಡಿದು ಬಂದಳು. ತಾಮ್ರದ್ದು. ಹಾಲ್‌ನ ಟ್ಯೂಬ್‌ಲೈಟೇ ಅದರಲ್ಲಿ ಕಾಣುವಷ್ಟು ಲಕಲಕ.

"ಇಲ್ಲಿ ಬಕೀಟೆಲ್ಲಾ ಸೋಪು ಕಂಡಾವ್ರಿ. ಇದು ನಮ್ಮ ದೇವರ ಜಗಲಿ ಕೊಡ. ಸೋಪು ತಾಗಸಂಗಿಲ್ಲ, ಬರೇ ಹುಣಸಿಹಣ್ಣು. ದಿನಾ ಸಂಜೀಕ ತಿಕ್ಕಿ, ನೀರು ತುಂಬಿಟ್ಟು ಹೋಗ್ತೀನಿ, ಮುಂಜಾನೆ ಬಂದು ಹಾಕ್ತೀನಿ."

ಹುಳಿಯಲ್ಲಿ ತಿಕ್ಕಿದ ಹಸಿ ತಾಮ್ರ, ಲವಣವೇ ಇಲ್ಲದ ಆರ್‌ಒ ನೀರು, ಬೆಳಗಿನತನಕ ನೆನೆಸಿಟ್ಟದ್ದು. ನೀರಿಗೆ ತಾಮ್ರ ಬಿಡಿಸಲು ನನ್ನ ಲ್ಯಾಬಿನಲ್ಲೂ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಮನುಷ್ಯರಿಗೆ ಲೆಕ್ಕಕ್ಕಿಲ್ಲದಷ್ಟು ತಾಮ್ರ ಸಿಗಡಿ, ಬಸವನಹುಳುಗಳಿಗೆ ವಿಷ, ಮೀನು ತಡೆದುಕೊಳ್ಳುತ್ತವೆ. ಮರುದಿನ ಲ್ಯಾಬಿನ ಪರೀಕ್ಷೆಯೂ ಅದನ್ನೇ ಹೇಳಿತು.

"ದೇವರ ಕೊಡದ ನೀರಿಗೆ ಜೀವ ಹೋದ್ವೇನ್ರಿ?" ಎಂದು ಯಮನವ್ವ ಕೇಳಿದಳು.

ವಿರೂಪಾಕ್ಷಪ್ಪನವರ ಬಳಿ ಉತ್ತರ ಸಿದ್ಧವಿತ್ತು. "ಹೆಂಗರ ಆಗ್ಲಿ, ಕೊಡ ತಂದಾಕಿ ಆಕೀನಽ ಅಲ್ರಿ?"

ಅಷ್ಟು ಹೊತ್ತು ತಪ್ಪು ಮನೆಯಲ್ಲಿ ಓಡಾಡುತ್ತಿದ್ದ ನನ್ನ ಸಿಟ್ಟು ಆಗ ಸರಿಯಾದ ವಿಳಾಸಕ್ಕೆ ಬಂತು. ಕೆಲಸಕ್ಕೆಂದು ಮನೆಯ ದೇವರ ಕೊಡ ತಂದವಳನ್ನು ಕಳಿಸಿ, ಒಂದು ಬಕೆಟ್ ಕೂಡ ಕೊಡದ ನೀವು ಇಲ್ಲೇ ಇರುತ್ತೀರಾ ಎಂದು ಗದ್ದಲ ಕೇಳಿ ಹೊರಬಂದಿದ್ದ ಡಾಕ್ಟರ ಎದುರಿಗೇ ಕೇಳಿದೆ. ತಾಯಂದಿರು ಎರಡನೇ ಸಲ ನನ್ನ ಕೂಗು ಕೇಳಿದರು. ಮೊದಲನೆಯದಕ್ಕೆ ಅವರ ಮುಂದೆಯೇ ಯಮನವ್ವನಲ್ಲಿ ತಪ್ಪಾಯಿತು ಎಂದೆ. ಅವಳ ಕೆಲಸ ಉಳಿಯಿತು. ಕೊಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದಳು.

ಆಮೇಲಿಂದ ನಾನು ಯಾರಿಗೇ ಕೆಲಸ ಹೇಳಿದರೂ, ಹೇಳಿ ಮುಗಿಸಿ ಹೊರಡುವುದಿಲ್ಲ. ಒಮ್ಮೆ ಮಾಡಿ ತೋರಿಸಿರಿ ಎಂದು ನಿಲ್ಲುತ್ತೇನೆ. ವರದಿಯಲ್ಲಿ ‘ಕಾರಣ’ ಎಂಬ ಕಡೆ ಬರೆದದ್ದು ಒಂದೇ ಸಾಲು: ಯಾವ ಪಾತ್ರೆ ಬೇಡವೆಂದು ಕೆಮಿಸ್ಟ್ ನಾಲ್ಕು ಸಲ ಹೇಳಿದ್ದಾರೆ, ಯಾವುದು ಬೇಕೆಂದು ಒಂದು ಸಲವೂ ಹೇಳಿಲ್ಲ.