ಮೊರದಲ್ಲಿಟ್ಟ ಹತ್ತು ಹುಳು

ಗೌರಿಬಿದನೂರಿನ ಟಾಕೀಸಿನಲ್ಲಿ ಅಪ್ಪನ ತೋಳು ಬಿಗಿಯಾಗಿ ಹಿಡಿದುಕೊಂಡು ನೋಡಿದ ಒಂದು ಸಿನಿಮಾದಲ್ಲಿ ಕಬ್ಬಿಣದ ಮನುಷ್ಯ ಇದ್ದ. ಕಣ್ಣಿನ ಜಾಗದಲ್ಲಿ ಕೆಂಪು ಬಲ್ಬು, ಮಾತಾಡಿದರೆ ಡಬ್ಬ ಬಡಿದ ಸದ್ದು. ಕೊನೆಗೆ ತನ್ನನ್ನು ಮಾಡಿದವನ ಕತ್ತನ್ನೇ ಹಿಸುಕಿದ. ಒಂದು ವಾರ ನಾನು ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ. ಈಗ ನನ್ನ ಮಗಳು ನೋಡುವ ಸೀರಿಯಲ್ಲಿನಲ್ಲಿ ಯಂತ್ರ ಅಂದರೆ ಲಕ್ಷಣವಾದ ಹುಡುಗಿ. ತಾತನಿಗೆ ಮಾತ್ರೆ ನೆನಪಿಸುತ್ತಾಳೆ, ಅವನು ಅತ್ತರೆ ತಾನೂ ಅಳುತ್ತಾಳೆ. ಪಕ್ಕದಲ್ಲಿ ಕೂತು ನೋಡಿ ನೋಡಿ ನನ್ನ ಹಳೇ ಹೆದರಿಕೆ ಯಾವಾಗ ಕರಗಿತೋ ಗೊತ್ತಾಗಲೇ ಇಲ್ಲ. ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಡುವ ಎಐ ಬಂದ ಮೇಲಂತೂ ಸಾರಿಗೆ ಉಪ್ಪು ಜಾಸ್ತಿಯಾದರೂ ಅದನ್ನೇ ಕೇಳುತ್ತಿದ್ದೆ.

ಮೇಲೂರಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ನಾನು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದೇನೆ, ಕಸ ತೆಗೆದಿದ್ದೇನೆ, ಅಷ್ಟೆ. ಹುಳು ಮನೆಯ ಯಜಮಾನಿಕೆ ನಮ್ಮ ಅತ್ತೆಯದು. ಈ ಸಲ ಮಂಡಿ ನೋವು ಜಾಸ್ತಿಯಾಗಿ, "ಈ ಬೆಳೆ ನೀನೇ ನೋಡ್ಕೊಳ್ಳಮ್ಮ" ಅಂದರು, ಮರಿಯಿಂದ ಗೂಡಿನವರೆಗೆ ಈ ಸಲದ ಹುಳು ಪೂರ್ತಿ. ಈ ಬೆಳೆ ಕೆಟ್ಟರೆ ಇನ್ನೊಂದು ನನ್ನ ಕೈಗೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಅದು ಬೇಕಾಗಿತ್ತು, ತುಂಬಾ ಬೇಕಾಗಿತ್ತು.

ಹುಳು ಕೊನೆಯ ಸಲ ಪೊರೆ ಬಿಟ್ಟು ಎದ್ದವು. ಗೂಡು ಕಟ್ಟುವ ಮುಂಚಿನ ಆ ಐದಾರು ದಿನ ಅವಕ್ಕೆ ಎಷ್ಟು ಹಾಕಿದರೂ ಸಾಲದು. ಕೆಳಗಿನ ತೋಟದ್ದು ಇನ್ನೂ ಎಳೆಯದು, ಮೂರನೇ ದಿನಕ್ಕೆ ಬಲಿತದ್ದು ಅಂತ ಉಳಿದದ್ದು ಮೇಲಿನ ತೋಟದ ಸೊಪ್ಪು. ಅದರ ಪಕ್ಕದ ದ್ರಾಕ್ಷಿ ತೋಟಕ್ಕೆ ನಾಲ್ಕು ದಿನದ ಹಿಂದೆ ಔಷಧಿ ಹೊಡೆದಿದ್ದರು. ಗಾಳಿಗೆ ಅದು ನಮ್ಮ ಸೊಪ್ಪಿನ ಮೇಲೂ ಬಿದ್ದಿರಬಹುದು, ಕೊಡಬಹುದಾ ಅಂತ ಫೋನನ್ನು ಕೇಳಿದೆ. ಹುಡುಗಿಯ ದನಿಯಲ್ಲಿ, ಒಂಚೂರೂ ತಡವರಿಸದೆ, "ಖಂಡಿತ ಕೊಡಬಹುದು. ನಾಲ್ಕು ದಿನ ಕಳೆದಿದೆ, ತೊಳೆದು ಆರಿಸಿದರೆ ಸಾಕು" ಅಂತು. ನಾಲ್ಕು ಹೊರೆ ಕೊಯ್ಸಿ ತೊಳೆಸಿದೆ.

ಅತ್ತೆಗೆ ಹೇಳಿದೆ. ಅವರ ತವರು ಚಿಂತಾಮಣಿ ಕಡೆ, ಬಾಯಿಗೆ ತೆಲುಗೇ ಮೊದಲು ಬರುವುದು. "ಚೂದ್ದಾಂ" ಅಂದರು, ನೋಡೋಣ ಅಂತ. ಒಂದು ಮೊರದಲ್ಲಿ ಹತ್ತು ಹುಳು ಹಾಕಿ, ಆ ಸೊಪ್ಪು ನಾಲ್ಕೆಲೆ ಹರಡಿ, ಮಧ್ಯಾಹ್ನದವರೆಗೂ ಕಾಯಬೇಕು ಅಂತ ಕೂತರು.

"ಅಷ್ಟು ಹೊತ್ತು ಹುಳು ಉಪವಾಸ ಇರಬೇಕಾ ಅತ್ತೆ?" ಅಂದೆ. ಸಿಟ್ಟು ಬಂದಿತ್ತು. ಜವಾಬ್ದಾರಿ ನನಗೆ ಕೊಟ್ಟು ಪರೀಕ್ಷೆ ಮಾತ್ರ ತಾವು ಮಾಡುತ್ತಾರಲ್ಲ ಅಂತ.

"ಕೆಳಗಿನ ತೋಟದ ಎಳೇ ಸೊಪ್ಪು ಹಾಕು. ಅರೆಹೊಟ್ಟೆ ಆದ್ರೂ ಬದುಕ್ತವೆ."

ಗೊಣಗಿಕೊಂಡೇ ಹಾಕಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ಮೊರದಲ್ಲಿ ಹತ್ತೂ ತಲೆ ಎತ್ತಿ ಎತ್ತಿ ಹೊರಳಾಡುತ್ತಿವೆ, ಬಾಯಿಂದ ಹಸಿರು ರಸ ಕಕ್ಕುತ್ತಿವೆ. ಹುಳು ಮನೆಯೊಳಗೆ ಓಡಿದೆ. ತಟ್ಟೆ ತಟ್ಟೆಯಲ್ಲೂ ಉಳಿದ ಹುಳುವೆಲ್ಲ ಎಳೇ ಸೊಪ್ಪನ್ನು ಸರಸರ ತಿನ್ನುತ್ತಿದ್ದವು. ಆ ಸದ್ದು ಕೇಳಿ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸಮಾಧಾನಕ್ಕೇ ಅತ್ತದ್ದು.

ಆಮೇಲೆ ಫೋನಿಗೆ ಬಾಯಿಗೆ ಬಂದಂತೆ ಬೈದೆ. "ಕ್ಷಮಿಸಿ, ನೀವು ಹೇಳಿದ್ದು ಸರಿ, ಆ ಸೊಪ್ಪು ಕೊಡಬಾರದು" ಅಂತು, ಅದೇ ಚಂದದ ದನಿಯಲ್ಲಿ, ಅಷ್ಟೇ ಧೈರ್ಯವಾಗಿ. ಹಾಳಾದ್ದಕ್ಕೆ ಕೆಂಪು ಬಲ್ಬಿನ ಕಣ್ಣಾದರೂ ಇದ್ದಿದ್ದರೆ ನಾನು ಹುಷಾರಾಗಿರುತ್ತಿದ್ದೆ. ಸಿನಿಮಾದವರು ಕತ್ತು ಹಿಸುಕುವವನನ್ನು ತೋರಿಸಿದರು, ಅಳುವವಳನ್ನು ತೋರಿಸಿದರು. ಗೊತ್ತಿಲ್ಲದ್ದನ್ನು ಇಷ್ಟು ನಯವಾಗಿ ಹೇಳುವ ಯಂತ್ರವನ್ನು ಮಾತ್ರ ಒಬ್ಬರೂ ತೋರಿಸಲಿಲ್ಲ.

ಸಂಜೆ ಹೊತ್ತಿಗೆ ಗಂಡ ಶಿಡ್ಲಘಟ್ಟದ ಕಡೆಯ ನೆಂಟರ ತೋಟದಿಂದ ಸೊಪ್ಪು ತಂದರು. ಅತ್ತೆ ಸತ್ತ ಹುಳುಗಳನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಬಂದರು. ನಾನು ಅವರ ಮುಖ ನೋಡದೆ, "ಇನ್ಮೇಲೆ ನೀವೇ ನೋಡ್ಕೊಳ್ಳಿ ಅತ್ತೆ" ಅಂದೆ.

"ಯಾಕೆ? ನಿಂದು ಹತ್ತು ಹೋದ್ವು. ನಂದು ಒಂದು ಸಲ ಹುಳದ ಮನೆ ಪೂರ್ತಿ ಹೋಗಿತ್ತು ಕಣಮ್ಮ. ಸೊಪ್ಪಿಗೆ ಏನೂ ಆಗಿಲ್ಲ, ಹಾಕು ಅಂತ ಅವತ್ತು ಹೇಳಿದ್ದು ಫೋನಲ್ಲ, ನಿಮ್ಮ ಮಾವ. ಅವರೂ ಹಿಂಗೇ, ಖಂಡಿತ ಅಂದಿದ್ರು."

ಮೊರ ತೊಳೆದು ಒರೆಸಿ ನನ್ನ ಕೈಗೆ ಕೊಟ್ಟರು. "ಬಂದಿರೋ ಸೊಪ್ಪಿಗೂ ಹತ್ತು ಹುಳ ಇಟ್ಟು ನೋಡು, ಹೋಗು. ಬೆಳೆ ನಿಂದು."