ಹೆಸರು ಕೇಳದ ಜಗುಲಿಯ ವೈಫೈ

ಕ್ಯಾತ್ಸಂದ್ರದ ಹಾಸ್ಟೆಲ್ ಬೀದಿಗೆ ಇನ್ನೂ ಬೆಳಕು ಬಿದ್ದಿಲ್ಲ. ಹೈವೇ ಕಡೆಯ ಲಾರಿಗಳ ಸದ್ದು ಬಿಟ್ಟರೆ ಇಡೀ ಬೀದಿ ಹೊದ್ದು ಮಲಗಿದೆ. ದಾಕ್ಷಾಯಣಿ ಮಾತ್ರ ಎದ್ದು, ಸ್ನಾನ ಮುಗಿಸಿ, ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಿದ್ದಾರೆ. ಉಬ್ಬಿ ಬಂದ ಹಿಟ್ಟಿಗೆ ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿದು, "ಹೂಂ, ಬಂದದೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಎಣ್ಣೆ ಸವರಿದ ತಟ್ಟೆಗಳಿಗೆ ಹಿಟ್ಟು ಹುಯ್ಯುವ ಆ ಕೈಗೆ ಅಳತೆ ಬೇಕಿಲ್ಲ. ಮೊದಲ ಆವಿ ಬೀದಿಗೆ ಹಾಯುವ ಹೊತ್ತಿಗೆ ಜಗುಲಿಯ ಮೇಲೆ ಸ್ವೆಟರ್ ತೊಟ್ಟ ನಾಲ್ಕಾರು ಮಕ್ಕಳು ಕಣ್ಣುಜ್ಜುತ್ತಾ ಕೂತಿರುತ್ತಾರೆ.

ಈ ಮನೆಗೆ ಬೋರ್ಡಿಲ್ಲ. ಜಗುಲಿ ಇಡ್ಲಿ ಎಂದರೆ ರೈಲು ನಿಲ್ದಾಣದ ಆಟೋದವರೂ ಕರೆತಂದು ಬಿಡುತ್ತಾರೆ. ಬೆಳಗಿನ ಹೊತ್ತಿಗೆ ಮುನ್ನೂರು ತಟ್ಟೆ ಇಡ್ಲಿ, ಭಾನುವಾರವಾದರೆ ಇನ್ನೂ ಹೆಚ್ಚು. ಇಷ್ಟೆಲ್ಲಕ್ಕೂ ದಾಕ್ಷಾಯಣಿ ಒಬ್ಬರೇ. ಗಂಡ ಸಂಗಮೇಶ್ ಕಾಯಿ ತುರಿದುಕೊಟ್ಟು, ತಟ್ಟೆ ತೊಳೆದುಕೊಟ್ಟು ಕಾರ್ಖಾನೆಯ ಪಾಳಿಗೆ ಹೊರಡುತ್ತಾರೆ. ಐವತ್ತು ದಾಟಿದ ದಾಕ್ಷಾಯಣಿಗೆ ಮಂಡಿನೋವಿದೆ. ಕೇಳಿದರೆ, "ನಿಂತ್ಕೊಂಡ್ರೆ ನೋಯ್ತದೆ, ಕೂತ್ಕೊಂಡ್ರೆ ಇಡ್ಲಿ ಸೀಯ್ತದೆ. ಯಾವುದು ವಾಸಿ ಹೇಳಿ?" ಎಂದು ನಗುತ್ತಾರೆ.

ಅವರ ಅತ್ತೆ ಸಿದ್ದಗಂಗಮ್ಮ ಶುರು ಮಾಡಿದ ಜಗುಲಿ ಇದು. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು, ಆದರೆ ಅವರು ಹಾಕಿಕೊಟ್ಟ ಕಟ್ಟಳೆಯೊಂದು ಉಳಿದಿದೆ. ತಿನ್ನಲು ಬಂದವರ ಹೆಸರು ಕೇಳಕೂಡದು. ಅದೇನು ವಿಚಿತ್ರ ಎನ್ನಿಸಬಹುದು. ಕಾರಣವನ್ನು ದಾಕ್ಷಾಯಣಿಯ ಬಾಯಲ್ಲೇ ಕೇಳಬೇಕು.

"ನಾನು ಮದುವೆಯಾಗಿ ಬಂದ ಹೊಸತು. ಒಬ್ಬ ಹುಡುಗ ತಿಂತಾ ಕೂತಿದ್ದ. ಪಕ್ಕದೋರು ಹೆಸರೇನಪ್ಪಾ ಅಂದ್ರು, ಹೇಳ್ದ. ಯಾವೂರು ಅಂದ್ರು, ಹೇಳ್ದ. ಊರಲ್ಲಿ ಯಾವ ಬೀದಿ ಅಂದ್ರು. ಆ ಹುಡುಗ ಅರ್ಧ ಇಡ್ಲಿ ತಟ್ಟೇಲೇ ಬುಟ್ಟು ಎದ್ದು ಹೋಗ್ಬುಟ್ಟ. ನಮ್ಮತ್ತೆ ಅವತ್ತು ಊಟ ಮಾಡ್ಲಿಲ್ಲ. ಹೆಸರಿಂದ ಶುರುವಾಗಿದ್ದು ಜಾತೀಲಿ ನಿಲ್ತದೆ ಕಣೇ, ಇನ್ಮೇಲೆ ಈ ಮನೇಲಿ ಹೆಸರೇ ಕೇಳೋದು ಬ್ಯಾಡ ಅಂದ್ರು."

ಹಾಗಾಗಿ ಇಲ್ಲಿಗೆ ಬರುವವರಿಗೆಲ್ಲ ದಾಕ್ಷಾಯಣಿ ತಾವೇ ಗುರುತು ಕಟ್ಟಿಕೊಂಡರು. ಬೆಣ್ಣೆ ಬೇಡ ಅನ್ನೋನು, ನಿಂತೇ ತಿನ್ನೋನು, ಎರಡನೇ ಸಲ ಚಟ್ನಿ ಕೇಳೋ ಹುಡುಗಿ.

ವೈಫೈ ಬಂದದ್ದು ಕೊರೊನಾ ಕಾಲದಲ್ಲಿ, ಮಗಳು ದೀಪಿಕಾಳ ಆನ್‌ಲೈನ್ ಕ್ಲಾಸಿಗೆಂದು. ಬೀದಿಯ ಮಕ್ಕಳೂ ಜಗುಲಿಗೆ ಬಂದು ಕೂತರು. ಲಾಕ್‌ಡೌನ್ ಮುಗಿಯಿತು, ದೀಪಿಕಾ ಮದುವೆಯಾಗಿ ಕುಣಿಗಲ್‌ಗೆ ಹೋದಳು, ವೈಫೈ ಉಳಿಯಿತು. ಹಾಸ್ಟೆಲ್ ಮಕ್ಕಳಿಗೆ ಇಡ್ಲಿಯ ಜೊತೆ ಅದೂ ಬೇಕು. "ಆಂಟಿ, ಪಾಸ್‌ವರ್ಡ್ ಏನು?" ಎಂದು ಒಬ್ಬರಾದ ಮೇಲೊಬ್ಬರು ಮೊಬೈಲ್ ಮುಂದೆ ಹಿಡಿಯುವವರೇ. ಹಿಟ್ಟು ಮೆತ್ತಿದ ಕೈಯಲ್ಲಿ ಮೊಬೈಲ್ ಮುಟ್ಟುವುದು ಹೇಗೆ? ಒಲೆಯ ಮುಂದಿಂದ ಕೂಗಿ ಹೇಳಿದರೆ ಒಬ್ಬರಿಗೂ ನೆಟ್ಟಗೆ ಕೇಳದು. ಒಂದು ದಿನ ತಂತಿ ಸರಿಮಾಡಲು ಬಂದ ಕೇಬಲ್ ಆಫೀಸಿನ ರವಿಕಿರಣ್‌ಗೆ ಅವರು ಹೇಳಿಯೇಬಿಟ್ಟರು, "ಅದೇನೋ ಪಾಸ್‌ವರ್ಡ್ ಅಂತೆ, ಕಿತ್ತಾಕಪ್ಪ ಅತ್ಲಾಗೆ. ಅನ್ನಕ್ಕಿಲ್ಲದ ಬೀಗ ಇದಕ್ಯಾಕೆ?"

ರವಿಕಿರಣ್ ತಲೆ ಕೆರೆದುಕೊಂಡ. "ಅಮ್ಮಾ, ಯಾರು ಬೇಕಾದ್ರೂ ಬಳಸ್ತಾರೆ, ಹೆಸರು ನಿಮ್ದಿರುತ್ತೆ" ಎಂದೂ ಹೇಳಿದ. "ಬಳಸ್ಲಿ ಬುಡು, ಸವೆದೋಯ್ತದಾ?" ಎಂದರು ದಾಕ್ಷಾಯಣಿ. ಬೀಗ ಹೋಯಿತು.

ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ, ಆವಿ ಇನ್ನೂ ಏಳುತ್ತಿರುವಾಗಲೇ ಸೈಬರ್ ಠಾಣೆಯಿಂದ ಇಬ್ಬರು ಬಂದರು. ಒಬ್ಬರು ಮಹಿಳಾ ಅಧಿಕಾರಿ. ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿ, "ಈ ಹುಡುಗಿ ಗೊತ್ತೇನಮ್ಮ?" ಎಂದು ಕೇಳಿದರು. ದಾಕ್ಷಾಯಣಿ ಸೆರಗಿಗೆ ಕೈ ಒರೆಸಿಕೊಂಡು ನೋಡಿದರೆ, ಎರಡನೇ ಸಲ ಚಟ್ನಿ ಕೇಳೋ ಹುಡುಗಿ. ಅವಳ ಹೆಸರು ಪೂಜಾ, ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವಳು, ಬಿ.ಕಾಂ ಎರಡನೇ ವರ್ಷ ಎಂಬುದೆಲ್ಲ ಅವರಿಗೆ ತಿಳಿದದ್ದು ಪೊಲೀಸರ ಬಾಯಿಂದ.

ಆ ಹುಡುಗಿಯ ಹೆಸರಲ್ಲಿ ಯಾರೋ ಸುಳ್ಳು ಖಾತೆ ತೆರೆದು, ಅವಳ ಫೋಟೋ ಕೆಡಿಸಿ, ಬಾಯಲ್ಲಿ ಆಡಲಾಗದ ಮಾತು ಬರೆದು ಸಹಪಾಠಿಗಳಿಗೆಲ್ಲ ಕಳಿಸಿದ್ದರು. ಅವಳ ತಂದೆಯ ಮೊಬೈಲಿಗೂ ಕಳಿಸಿದ್ದರು. ಖಾತೆ ತೆರೆದದ್ದು ಯಾವ ಇಂಟರ್‌ನೆಟ್ ಸಂಪರ್ಕದಿಂದ ಎಂದು ಪೊಲೀಸರು ಹುಡುಕಿದಾಗ ಬಂದು ನಿಂತದ್ದು ಈ ಜಗುಲಿಗೆ. ವೈಫೈ ಪೆಟ್ಟಿಗೆ, ದಾಕ್ಷಾಯಣಿಯ ಮೊಬೈಲ್, ಸಂಗಮೇಶ್ ಅವರ ಮೊಬೈಲ್ ಮೂರೂ ಠಾಣೆಗೆ ಹೋದವು. "ಯಾರ್‍ಯಾರು ಬಳಸ್ತಿದ್ರು, ಹೆಸರು ಹೇಳಿ" ಎಂದರು ಅಧಿಕಾರಿ. ದಾಕ್ಷಾಯಣಿಗೆ ಒಂದು ಹೆಸರೂ ಗೊತ್ತಿರಲಿಲ್ಲ.

ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು. ಮನೆಯಲ್ಲಿ ಇರುವ ಗಂಡಸು ಒಬ್ಬನೇ ತಾನೇ ಎಂದು ಜನ ಗುಸುಗುಸು ಶುರುಮಾಡಿದರು. ಸಂಗಮೇಶ್ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋಗಿ ತಲೆ ತಗ್ಗಿಸಿಕೊಂಡೇ ಬರುತ್ತಿದ್ದರು. ಪೂಜಾಳ ತಂದೆ ರಂಗಯ್ಯ ಬಂದು ಮಗಳ ಹಾಸಿಗೆ, ಟ್ರಂಕು ಎತ್ತಿಸಿಕೊಂಡು ಊರಿಗೆ ಕರೆದೊಯ್ದರು. ಓದು ಸಾಕು ಎಂದರಂತೆ. ದಾಕ್ಷಾಯಣಿ ತಡೆಯಲಾರದೆ ಹೋದದ್ದು ಆ ಮಾತಿಗೆ. "ಪೊಲೀಸ್ರು ಬಂದಾಗ್ಲೂ ನಾನು ಅಳ್ಲಿಲ್ಲ. ಆ ಮಗ ಟ್ರಂಕು ಹಿಡ್ಕೊಂಡು ನಮ್ಮ ಜಗುಲಿ ಕಡೆ ತಿರುಗಿ ನೋಡ್ದೆ ಹೋಯ್ತಲ್ಲ, ಅವತ್ತು ಅತ್ತುಬುಟ್ಟೆ" ಎನ್ನುತ್ತಾರೆ.

ಗುಬ್ಬಿಯ ವಕೀಲ ಗಂಗಾಧರ್ ತುಮಕೂರು ಕೋರ್ಟಿಗೆ ಬಂದಾಗಲೆಲ್ಲ ಇಲ್ಲಿಯವರೆಗೂ ಬಂದು ತಿಂಡಿ ತಿನ್ನುವವರು. ಅವರೇ ಧೈರ್ಯ ಹೇಳಿದರು. "ಮನೆ ವೈಫೈಗೆ ಪಾಸ್‌ವರ್ಡ್ ಇಲ್ಲ ಅನ್ನೋದೊಂದಕ್ಕೇ ಯಾರನ್ನೂ ಜೈಲಿಗೆ ಕಳಿಸಲ್ಲ. ಮಾಡಿದ್ದು ನೀವು, ಇಲ್ಲಾ ಗೊತ್ತಿದ್ದೂ ಸಹಾಯ ಮಾಡಿದ್ರಿ ಅಂತ ಅವರು ತೋರಿಸಬೇಕು. ಆದ್ರೆ ಸಂಪರ್ಕ ಯಾರ ಹೆಸರಲ್ಲಿದೆಯೋ ಮೊದಲ ಪ್ರಶ್ನೆ ಅವರಿಗೇ. ಉತ್ತರ ಇಲ್ಲದಿದ್ರೆ ಅನುಮಾನವೂ ಅವರ ಮೇಲೇ." ಹೊರಗಿನವರಿಗೆ ಹಂಚಬಾರದು ಎಂದು ಕಂಪನಿಗಳ ಷರತ್ತುಗಳಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತದೆ ಎಂದೂ ಅವರು ತಿಳಿಸಿದರು. ಆ ಷರತ್ತುಗಳನ್ನು ಪೂರ್ತಿ ಓದಿ ಸಹಿ ಹಾಕಿದವರು ಯಾರಾದರೂ ಇದ್ದರೆ ಕರೆದು ಶಾಲು ಹೊದಿಸಬೇಕು.

ಗಂಗಾಧರ್ ಕಟ್ಟುನಿಟ್ಟಾಗಿ ಹೇಳಿದ ಇನ್ನೊಂದು ಮಾತಿತ್ತು. ಹುಡುಗಿಯ ಮನೆಗೆ ಹೋಗಬೇಡಿ. ದೂರು ಕೊಟ್ಟವರನ್ನು ಒಲಿಸಲು ಹೋದರು ಎಂದಾಗುತ್ತದೆ. ತಪ್ಪಾಯಿತು ಎಂಬ ಮಾತಂತೂ ಬಾಯಿಂದ ಬರಲೇಬಾರದು. ದಾಕ್ಷಾಯಣಿ ಆಗಲಿ ಎಂದು ತಲೆಯಾಡಿಸಿದರು. ಎರಡು ದಿನ ಒದ್ದಾಡಿದರು. ಮೂರನೆಯ ದಿನ ಇಡ್ಲಿ ಮುಗಿಸಿ, ಗುಬ್ಬಿಗೆ ಒಂದು ಬಸ್ಸು, ಅಲ್ಲಿಂದ ಸಿ.ಎಸ್. ಪುರಕ್ಕೆ ಇನ್ನೊಂದು ಬಸ್ಸು ಹತ್ತಿಯೇಬಿಟ್ಟರು. ಗಂಡನಿಗೂ ಹೇಳಲಿಲ್ಲ.

"ಮಕ್ಕಳಿರೋ ಮನೆಗೆ ಬರಿಗೈಲಿ ಹೋಗಿದ್ದು ಜನ್ಮದಲ್ಲಿ ಅದೇ ಮೊದಲು" ಎಂದು ನೆನೆಯುತ್ತಾರೆ. "ಬಸ್‌ಸ್ಟ್ಯಾಂಡಲ್ಲಿ ಬಾಳೆಹಣ್ಣು ಕೈಗೆ ತಗೊಂಡೆ, ಮತ್ತೆ ಇಟ್‌ಬುಟ್ಟೆ. ಏನು ಒಯ್ದ್ರೂ ಕೊಂಡ್ಕೊಳ್ಳೋಕೆ ಬಂದ್ಲು ಅಂತಾರಲ್ಲ."

ರಂಗಯ್ಯ ಒಳಗೆ ಕರೆಯಲಿಲ್ಲ. ಪಡಸಾಲೆಯ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ದಾಕ್ಷಾಯಣಿ ನಿಂತೇ ಹೇಳಿದರು, "ಅಣ್ಣಾ, ಮಾಡಿದ್ದು ನಾವಲ್ಲ. ನಮ್ಮೆಜಮಾನ್ರೂ ಅಲ್ಲ. ಆದ್ರೆ ಬಾಗಿಲು ತೆಗೆದಿಟ್ಟಿದ್ದು ನಾನು. ಆ ತಪ್ಪು ನಂದೇ. ಕೇಸು ವಾಪಸ್ ತಗೊಳ್ಳಿ ಅನ್ನೋಕೆ ಬಂದಿಲ್ಲ, ಮಾಡಿದೋನು ಸಿಗ್ಲಿ. ಮಗೀನ ಓದು ಮಾತ್ರ ನಿಲ್ಲಿಸ್ಬೇಡಿ."

ವಕೀಲರು ಆಡಬೇಡಿ ಎಂದ ಮಾತನ್ನೇ ಆರಿಸಿ ಆರಿಸಿ ಆಡಿದ್ದಾಯಿತು. ರಂಗಯ್ಯ ಬಾಗಿಲು ಬಿಟ್ಟು ಸರಿಯಲಿಲ್ಲ. ಒಳಗಿನಿಂದ ಹೆಂಗಸರು ಯಾರೂ ಬರಲಿಲ್ಲ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವುದಿಲ್ಲ. ಕಳಿಸಿದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ದಾಕ್ಷಾಯಣಿ ಕೈ ಮುಗಿದು, ಮೆಟ್ಟಿಲಿಳಿದು, ಬೀದಿಯ ತಿರುವಿನವರೆಗೂ ನಡೆದರು.

ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಪೂಜಾಳ ತಾಯಿ ಬರಿಗಾಲಲ್ಲಿ ಬರುತ್ತಿದ್ದಾರೆ, ಕೈಯಲ್ಲಿ ಕುಂಕುಮದ ಬಟ್ಟಲು. ಏದುಸಿರು ಬಿಡುತ್ತಾ ಬಂದವರು ಬಟ್ಟಲನ್ನು ಮುಂದೆ ಹಿಡಿದರು. "ಇಟ್ಕೊಂಡು ಹೋಗಮ್ಮ" ಎಂದರು, ಅಷ್ಟೇ.

ಇದನ್ನು ಹೇಳುವಾಗ ದಾಕ್ಷಾಯಣಿ ಮುಖವನ್ನು ಆವಿಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ. "ನಮ್ಮೆಜಮಾನ್ರ ಮೇಲೆ ಅನುಮಾನ ಇದ್ದಿದ್ರೆ ನನ್ನ ಹಣೆಗೆ ಕುಂಕುಮ ಕೊಡ್ತಿದ್ರಾ? ಬಸ್ಸಲ್ಲಿ ಅತ್ಕೊಂಡೇ ಬಂದೆ. ಯಾರು ನೋಡಿದ್ರೆ ಏನಂತೆ. ಕೋರ್ಟು ಏನಾದ್ರೂ ಹೇಳ್ಕೊಳ್ಳಿ, ನನ್ನ ಪಾಲಿಗೆ ಕೇಸು ಅಲ್ಲಿಗೆ ಮುಗೀತು."

ಆ ಭೇಟಿಯ ಸುದ್ದಿ ಠಾಣೆಗೂ ಮುಟ್ಟಿತು, ಮುಟ್ಟಿಸಿದವರು ರಂಗಯ್ಯನವರೇ. ಗಂಗಾಧರ್ ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ರಂಗಯ್ಯ ಅಧಿಕಾರಿಗೆ ಹೇಳಿದ ಮಾತೇ ಬೇರೆಯಾಗಿತ್ತು: "ಮಾಡಿದೋರು ನಮ್ಮನೆ ಬಾಗ್ಲಿಗೆ ಬಂದು ನಿಲ್ಲಲ್ಲ ಮೇಡಂ, ನೀವು ಬೇರೆ ಕಡೆ ಹುಡುಕಿ." ಪೊಲೀಸರು ಅಷ್ಟರಲ್ಲಿ ಬೇರೆ ಕಡೆ ಹುಡುಕುತ್ತಲೇ ಇದ್ದರು. ಖಾತೆ ತೆರೆದ ಮೊಬೈಲ್ ಯಾವುದೆಂದು ಪತ್ತೆಯಾಯಿತು. ಪೂಜಾಳ ತರಗತಿಯವನೇ. ಈ ಜಗುಲಿಯ ಮೇಲೆ, ಅವಳಿಂದ ಎರಡು ಮಾರು ದೂರದಲ್ಲಿ ಕೂತು ಇಡ್ಲಿ ತಿನ್ನುತ್ತಲೇ ಆ ಕೆಲಸ ಮಾಡಿದ್ದ. ದಾಕ್ಷಾಯಣಿಯ ಲೆಕ್ಕದಲ್ಲಿ ಅವನು ಬೆಣ್ಣೆ ಬೇಡ ಅನ್ನೋನು. ಅವನ ಮೇಲಿನ ಮೊಕದ್ದಮೆ ನಡೆಯುತ್ತಿದೆ. ಮೊಬೈಲ್‌ಗಳೂ ವೈಫೈ ಪೆಟ್ಟಿಗೆಯೂ ಮನೆಗೆ ಮರಳಿದವು. ಸಂಗಮೇಶ್ ಮತ್ತೆ ತಲೆಯೆತ್ತಿ ನಡೆಯುತ್ತಿದ್ದಾರೆ.

ಪೆಟ್ಟಿಗೆ ವಾಪಸ್ ಬಂದ ದಿನ ಗಂಡ ಹೆಂಡತಿಗೆ ಜಟಾಪಟಿಯಾಯಿತಂತೆ. "ಆ ವೈರ್ ಕಿತ್ತು ತಿಪ್ಪೆಗೆ ಎಸಿ" ಎಂದರು ಸಂಗಮೇಶ್. ದಾಕ್ಷಾಯಣಿ ಒಪ್ಪಲಿಲ್ಲ. ಒಬ್ಬ ಕೆಟ್ಟ ಎಂದು ಪರೀಕ್ಷೆಗೆ ಓದುವ ಮಕ್ಕಳೇನು ಮಾಡಿದ್ದವು? ಆದರೆ ಮುಂಚಿನ ಹಾಗೆ ಬಿಡಲೂ ಮನಸ್ಸಿರಲಿಲ್ಲ. ಮತ್ತೆ ರವಿಕಿರಣ್ ಬಂದ. ಮನೆಯವರಿಗೆ ಒಂದು, ಜಗುಲಿಗೆ ಒಂದು ಎಂದು ಬೇರೆ ಬೇರೆ ಮಾಡಿ ಎರಡಕ್ಕೂ ಪಾಸ್‌ವರ್ಡ್ ಹಾಕಿಕೊಟ್ಟ. ಜಗುಲಿಯದನ್ನು ಆಗಾಗ ಬದಲಾಯಿಸುವುದನ್ನೂ ಕಲಿಸಿದ. ಕಂಪನಿಯವರಿಗೆ ಹೇಳಿ, ಹೀಗೆ ಹಂಚಲು ಅನುಮತಿಯಿರುವ ಸಂಪರ್ಕವನ್ನೇ ಗಂಗಾಧರ್ ಹಾಕಿಸಿಕೊಟ್ಟರು.

ಉಳಿದದ್ದು ಅತ್ತೆಯ ಕಟ್ಟಳೆ. ಯಾರು ಬಳಸಿದರು ಎಂದು ನಾಳೆ ಯಾರಾದರೂ ಕೇಳಿದರೆ ಹೇಳಲು ಹೆಸರು ಬೇಕು, ಹೆಸರು ಕೇಳಿದರೆ ಅತ್ತೆಗೆ ಕೊಟ್ಟ ಮಾತು ಮುರಿಯಬೇಕು. ಸಿದ್ದಗಂಗಮ್ಮನ ಫೋಟೋದ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತೆ ಎನ್ನುತ್ತಾರೆ ದಾಕ್ಷಾಯಣಿ. "ಅತ್ತೇ, ಹೆಸರು ಕೇಳ್ತೀನಿ, ಅದರಿಂದಾಚೆ ಹೋಗಲ್ಲ, ಒಪ್ಕೋ ಅಂದೆ. ಒಪ್ಕೊಂಡಿರ್ತಾಳೆ ಬುಡಿ. ಹೆಣ್ಣುಮಗೀಗೆ ನೋವಾಗಿದ್ದು ಅವಳೂ ನೋಡಿರ್ತಾಳಲ್ಲ."

ಈಗ ಪಾಸ್‌ವರ್ಡನ್ನು ಅವರು ಯಾರಿಗೂ ಹೇಳುವುದಿಲ್ಲ. ಒಲೆ ಬಿಟ್ಟು ಬಂದು, ಕೈ ಒರೆಸಿಕೊಂಡು, ಅವರವರ ಮೊಬೈಲಿನಲ್ಲಿ ತಾವೇ ಒತ್ತಿ ಕೊಡುತ್ತಾರೆ. ಎಷ್ಟು ಒರೆಸಿದರೂ ಒಂದಿಷ್ಟು ಹಿಟ್ಟು ಗಾಜಿಗೆ ಮೆತ್ತುತ್ತದೆ. ಮಕ್ಕಳು ಅಂಗಿಯ ತುದಿಯಿಂದ ಉಜ್ಜಿಕೊಳ್ಳುತ್ತಾರೆ.

ಪೂಜಾ ದೀಪಾವಳಿ ಕಳೆದ ಮೇಲೆ ಕಾಲೇಜಿಗೆ ಮರಳಿದಳು. ಇವತ್ತು ಜಗುಲಿಯ ಕಂಬಕ್ಕೆ ಒರಗಿ ಕೂತು ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತಿದ್ದಾಳೆ. ನಿನ್ನ ಹೆಸರು ಪತ್ರಿಕೆಯಲ್ಲಿ ಹಾಕಬಹುದೇ ಎಂದರೆ, "ಹಾಕಿ. ತಲೆ ತಗ್ಗಿಸೋ ಕೆಲಸ ನಾನೇನೂ ಮಾಡಿಲ್ವಲ್ಲ" ಎನ್ನುತ್ತಾಳೆ. ಮರಳಿ ಬಂದ ಮೊದಲ ದಿನ ಆಂಟಿ ಏನೆಂದರು ಎಂಬ ಪ್ರಶ್ನೆಗೆ ನಗುತ್ತಾಳೆ. "ಬಾ ಪೂಜಾ ಅಂದ್ರು. ಅಲ್ಲೀವರ್ಗೂ ನಂಗೆ ಹೆಸರೇ ಇರ್ಲಿಲ್ಲ ಇಲ್ಲಿ."

ಈಗ ಹೆಸರು ಕೇಳುವಾಗ ಏನನ್ನಿಸುತ್ತದೆ ಎಂದು ದಾಕ್ಷಾಯಣಿಯನ್ನು ಕೇಳಿದರೆ ಉತ್ತರ ಬರುವ ಮುಂಚೆ ಹೊಸ ಮುಖವೊಂದು ಮೆಟ್ಟಿಲಿನ ಹತ್ತಿರ ಬಂದು ನಿಲ್ಲುತ್ತದೆ. ಬೆನ್ನಿಗೆ ಚೀಲ, ಕೈಯಲ್ಲಿ ಮೊಬೈಲ್. "ಆಂಟಿ, ವೈಫೈ ಇದ್ಯಂತಲ್ಲ."

"ಅದೆ ಕಣಮ್ಮ, ಬಾ. ಹೆಸರೇನು?"

"ನೇತ್ರಾವತಿ." ಹುಡುಗಿ, ಮುಂದಿನ ಪ್ರಶ್ನೆ ಬರುವ ಮೊದಲೇ ತಾನೇ ಹೇಳಿ ಮುಗಿಸಿಬಿಡುವವಳಂತೆ ಶುರುಮಾಡುತ್ತಾಳೆ. "ನಮ್ಮೂರು ಕುಣಿಗಲ್ ಹತ್ರ, ಮಾರ್ಕೋನಹಳ್ಳಿ. ನಾವು..."

"ಹೆಸರು ಸಾಕು ಮಗಾ" ಎನ್ನುತ್ತಾರೆ ದಾಕ್ಷಾಯಣಿ, ಸೆರಗಿಗೆ ಕೈ ಒರೆಸಿ ಮೊಬೈಲ್ ಈಸಿಕೊಳ್ಳುತ್ತಾ. "ಕೂತ್ಕೋ, ಇಡ್ಲಿ ಬಿಸಿ ಇದೆ."